ಕೆಟ್ಟ ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನು ಮನೆಯಲ್ಲಿಯೇ ಗುರುತಿಸುವ ಕ್ರಮ

ಭದ್ರಾ ನದಿಯ ದಡದ ಹೊಳೆಹೊನ್ನೂರಿನಲ್ಲಿಯೂ ಅದರ ಸುತ್ತಣ ಗ್ರಾಮಗಳಲ್ಲಿಯೂ ಬೇಸಾಯದೊಡನೆ ಹೈನು ಸಾಗಿಬಂದಿದೆ. ಮನೆಖರ್ಚಿಗೆ ಮಿಕ್ಕ ಹಾಲು ಸಹಕಾರ ಸಂಘದ ಕ್ಯಾನಿಗೆ ಸೇರುತ್ತದೆ. ಒಂದು ಮನೆಯ ಹುಳಿತ ಹಾಲು ಸ್ವಲ್ಪವೇ ಆದರೂ, ಅದು ಬೆರೆತ ಕ್ಯಾನೆಲ್ಲವೂ ಕೆಡಬಹುದು. ನಷ್ಟವು ಹತ್ತಾರು ಮನೆಗಳಿಗೆ ತಗಲುವುದು. ಆದಕಾರಣ ಮೊದಲ ಪರೀಕ್ಷೆಯು ಮನೆಯಲ್ಲಿಯೇ ಆಗತಕ್ಕದ್ದು.

ಹಾಲು.— ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ. ಬೇಸಗೆಯ ಸೆಕೆಯಲ್ಲಿ ಇವು ಬಹು ಬೇಗ ವೃದ್ಧಿಯಾಗುತ್ತವೆ. ಪಾತ್ರೆಯ ಮುಚ್ಚಳ ತೆಗೆದೊಡನೆ ಹಾಲನ್ನು ಮೂಸಿ ನೋಡಬೇಕು. ಸಂಶಯ ಬಂದಲ್ಲಿ ಎರಡು ಚಮಚ ಹಾಲನ್ನು ಬೇರೆಯಾಗಿ ಕುದಿಸಬೇಕು. ಅದು ಒಡೆದರೆ ಆ ಹಾಲನ್ನು ಒಳ್ಳೆಯ ಹಾಲಿಗೆ ಸೇರಿಸಲಾಗದು. ಸೋಡಾ ಹಾಕಿ ಹುಳಿಯನ್ನು ಮರೆಸುವುದು ಕಲಬೆರಕೆಯೇ ಸರಿ.

ಕರೆಯುವ ಮುನ್ನ ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಬಿಟ್ಟು ನೋಡಬೇಕು. ಸಣ್ಣ ಗಂಟುಗಳಾಗಲಿ, ರಕ್ತದ ಎಳೆಯಾಗಲಿ, ನೀರಿನಂತಹ ತೆಳುವಾಗಲಿ ಕಂಡರೆ ಕೆಚ್ಚಲು ಬಾವು ಇರಬಹುದು. ಅಂತಹ ಹಾಲನ್ನು ಬೇರೆಯಿಟ್ಟು, ಪಶುವೈದ್ಯರಿಗೆ ತಿಳಿಸತಕ್ಕದ್ದು.

ಮೊಸರು.— ಮೊಸರಿನ ಮೇಲೆ ತಿಳಿನೀರು ನಿಂತ ಮಾತ್ರಕ್ಕೆ ಅದು ಕೆಟ್ಟಿತೆಂದು ಚೆಲ್ಲಬೇಕಾಗಿಲ್ಲ. ಗುಳ್ಳೆಯೆದ್ದು ತೂತುಬಿದ್ದಿದ್ದರೆ, ಲೋಳೆಯಾಗಿ ನೂಲಿನಂತೆ ಎಳೆದರೆ, ಕಹಿಯಾಗಿದ್ದರೆ ಹೆಪ್ಪಿಗಾಗಲಿ ಪಾತ್ರೆಗಾಗಲಿ ಕೊಳೆ ಸೇರಿದೆಯೆಂದು ತಿಳಿಯಬೇಕು. ಹಸುರು, ಕಪ್ಪು ಅಥವಾ ಕೆಂಪು ಬೂಷ್ಟು ಕಂಡರೆ ಮೇಲಿನದನ್ನು ತೆಗೆದು ಉಳಿದುದನ್ನು ಬಳಸದೆ, ಪೂರ್ತಿ ಬಿಸುಡಬೇಕು; ಅದರಿಂದ ಹೆಪ್ಪನ್ನೂ ಎತ್ತಬಾರದು.

ಬೆಣ್ಣೆ ಮತ್ತು ತುಪ್ಪ.— ಬೆಣ್ಣೆಯಲ್ಲಿ ಮಜ್ಜಿಗೆ ಉಳಿದರೆ ಅದು ಬೇಗ ಕೆಡುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಬಾರಿ ತೊಳೆಯಬೇಕು. ತುಪ್ಪ ಹರಳುಗಟ್ಟುವುದು ದೋಷವಲ್ಲ. ಕಮಟು ವಾಸನೆ ಮತ್ತು ಗಂಟಲು ಕೆರೆಯುವ ರುಚಿಯೇ ಕೆಟ್ಟ ತುಪ್ಪದ ಗುರುತು. ನೀರಿನ ಪಸೆ, ಗಾಳಿ, ಬೆಳಕು, ಕಲಾಯಿಯಿಲ್ಲದ ತಾಮ್ರದ ಪಾತ್ರೆ ಇವು ಇದಕ್ಕೆ ಕಾರಣಗಳು. ಆದ್ದರಿಂದ ತುಪ್ಪವನ್ನು ಚಟಪಟ ಸದ್ದು ಅಡಗುವವರೆಗೆ ಕಾಯಿಸಿ, ಒಣ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು.

ಎರಡು ಎಚ್ಚರಿಕೆಗಳು.— ಕೆಟ್ಟ ಹಾಲನ್ನು ಕುದಿಸಿದರೆ ಸರಿಹೋಗುವುದೆಂಬ ನಂಬಿಕೆ ತಪ್ಪು. ಸೂಕ್ಷ್ಮಜೀವಿಗಳು ಸತ್ತರೂ ಕೆಲವು ಬಿಟ್ಟ ವಿಷವು ಕುದಿತದಿಂದ ನಾಶವಾಗದು. ಇನ್ನು, ವಾಸನೆ ರುಚಿಗಳಲ್ಲಿ ದೋಷವಿಲ್ಲದ ಹಸಿ ಹಾಲಿನಲ್ಲಿಯೂ ಕ್ಷಯ, ಕಂದುರೋಗ ಮೊದಲಾದವುಗಳ ಬೀಜವಿರಬಹುದು. ಆದುದರಿಂದ ಒಳ್ಳೆಯ ಹಾಲನ್ನು ಸಹ ಕಾಯಿಸಿಯೇ ಕುಡಿಯತಕ್ಕದ್ದು. ಮಕ್ಕಳಿಗೆ ಹಸಿ ಹಾಲನ್ನು ಕೊಡಲೇಬಾರದು.

ಶುಚಿಯಾದ ಕೈ, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟ ಪಾತ್ರೆ, ಕರೆದೊಡನೆ ತಂಪು ಮಾಡುವುದು ಇವುಗಳಿಗೆ ಹೆಚ್ಚಿನ ಖರ್ಚು ತಗಲದು. ಗ್ರಾಮದ ಮುಖಂಡರು ಮೊದಲು ತಮ್ಮ ಮನೆಗಳಲ್ಲಿ ಇವನ್ನು ನಡೆಸಿ ತೋರಿಸಿದರೆ, ಉಳಿದವರೂ ಅನುಸರಿಸುವರು; ಊರಿನ ಹಾಲಿಗೆ ಒಳ್ಳೆಯ ಹೆಸರೂ ತಕ್ಕ ಬೆಲೆಯೂ ನಿಲ್ಲುವುವು.