ಮನೋರಂಜನಾ ಉದ್ಯಾನದ ವಿಡಿಯೋ ಆಟಗಳು ಮತ್ತು ಮಕ್ಕಳ ಆರೋಗ್ಯ

ಪರೀಕ್ಷೆಗಳು ಮುಗಿದು ರಜೆ ಆರಂಭವಾದೊಡನೆ ರಾಯಚೂರಿನಿಂದ ಹೈದರಾಬಾದಿಗೆ ಹೊರಡುವ ಪ್ರವಾಸದ ವಾಹನಗಳು ಹೆಚ್ಚಾಗುತ್ತವೆ. ದೇವದುರ್ಗ, ಮಾನ್ವಿಗಳ ಶಾಲೆಗಳೂ ಮಕ್ಕಳನ್ನು ಅತ್ತಲೇ ಕರೆದೊಯ್ಯುತ್ತವೆ. ಬೆಂಗಳೂರು ನಮ್ಮ ರಾಜಧಾನಿಯಾದರೂ ರಾತ್ರಿಯಿಡೀ ಪ್ರಯಾಣಿಸಬೇಕಾದ ದೂರ. ಹೈದರಾಬಾದು ಸುಮಾರು 200 ಕಿಲೋಮೀಟರು ಮಾತ್ರ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುದರಿಂದ ಆ ನಗರದ ನಂಟೂ ಹಳೆಯದು. ನಾವು ಬಾಲಕರಾಗಿದ್ದಾಗ ಹಿರಿಯರು ಚಾರ್‌ಮಿನಾರ್, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ, ಮೃಗಾಲಯಗಳನ್ನು ತೋರಿಸಿ ಮರಳಿ ಕರೆತರುತ್ತಿದ್ದರು. ಇಂದಿನ ಮಕ್ಕಳ ಬೇಡಿಕೆ ಬೇರೆ. 2005ರಲ್ಲಿ ಬೆಂಗಳೂರಿನ ಬಳಿಯ ಬಿಡದಿಯಲ್ಲಿ ತೆರೆದ ವಂಡರ್‌ಲಾ ಉದ್ಯಾನವು 2016ರಲ್ಲಿ ಹೈದರಾಬಾದಿನ ಹೊರವಲಯದ ರವಿರ್ಯಾಲದಲ್ಲಿಯೂ ಆರಂಭವಾದ ಮೇಲೆ, 'ಎಲ್ಲಿಗೆ ಹೋಗೋಣ' ಎಂಬ ಪ್ರಶ್ನೆಯೇ ನಮ್ಮ ಭಾಗದ ಮನೆಗಳಲ್ಲಿ ಉಳಿದಿಲ್ಲ.

ನೀರಿನ ಜಾರುಬಂಡೆ, ಎತ್ತರದ ತೊಟ್ಟಿಲುಗಳ ವಿಷಯವನ್ನು ಈ ಲೇಖನದಲ್ಲಿ ನಾವು ಎತ್ತಿಕೊಳ್ಳುವುದಿಲ್ಲ. ಅವುಗಳ ಅಪಾಯ ಕಣ್ಣಿಗೆ ಕಾಣುವಂಥದ್ದು, ತಂದೆತಾಯಿಗಳು ತಾವಾಗಿಯೇ ಎಚ್ಚರ ವಹಿಸುತ್ತಾರೆ. ಆದರೆ ಇಂಥ ಉದ್ಯಾನಗಳಲ್ಲಿಯೂ ನಗರದ ಮಾಲ್‌ಗಳಲ್ಲಿಯೂ ಕತ್ತಲೆಯ ಹವಾನಿಯಂತ್ರಿತ ಸಭಾಂಗಣಗಳಿರುತ್ತವೆ. ಅಲ್ಲಿ ಸಾಲು ಸಾಲಾಗಿ ವಿಡಿಯೋ ಆಟದ ಯಂತ್ರಗಳು, ಅಲುಗಾಡುವ ಕುರ್ಚಿಗಳುಳ್ಳ ಪುಟ್ಟ ಚಿತ್ರಮಂದಿರಗಳು, ಕಣ್ಣಿಗೆ ಕಟ್ಟಿಕೊಳ್ಳುವ ವಿ.ಆರ್. ಕನ್ನಡಕಗಳು. ಬಿಸಿಲಿನಲ್ಲಿ ದಣಿದ ಪಾಲಕರು, 'ಇಲ್ಲಿ ತಂಪಾಗಿದೆ, ಬೀಳುವ ಭಯವಿಲ್ಲ' ಎಂದು ಮಕ್ಕಳನ್ನು ಒಳಗೆ ಬಿಟ್ಟು ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚುತ್ತಾರೆ. ಈಗ ಜಾತ್ರೆಗಳ ಬಯಲಿಗೂ ತೊಟ್ಟಿಲಿನ ಪಕ್ಕದಲ್ಲಿ '7ಡಿ' ಎಂಬ ಫಲಕ ಹೊತ್ತ ಡೇರೆ ಬರುತ್ತಿರುವುದರಿಂದ, ಹೈದರಾಬಾದಿಗೆ ಹೋಗದವರಿಗೂ ಈ ಮಾತು ಸಲ್ಲುತ್ತದೆ.

ಮೊದಲು ನಮ್ಮ ಶಾಸ್ತ್ರ ಏನು ಹೇಳುತ್ತದೆಂಬುದನ್ನು ನೋಡೋಣ. ಚರಕ ಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ರೋಗದ ಮೂರು ಮೂಲಕಾರಣಗಳನ್ನು ಹೇಳಿದೆ. ಇಂದ್ರಿಯಗಳಿಗೂ ಅವುಗಳ ವಿಷಯಗಳಿಗೂ ಆಗುವ ಅಹಿತಕರ ಸಂಯೋಗವು ಅವುಗಳಲ್ಲಿ ಒಂದು. ಅದು ಮೂರು ವಿಧ: ಅತಿಯೋಗ, ಅಯೋಗ, ಮಿಥ್ಯಾಯೋಗ. ಅತಿಯಾಗಿ ಹೊಳೆಯುವ ವಸ್ತುಗಳನ್ನು ಅತಿಯಾಗಿ ನೋಡುವುದು ಕಣ್ಣಿನ ಅತಿಯೋಗ. ಕಣ್ಣಿಗೆ ತೀರ ಅಂಟಿಕೊಂಡಿರುವುದನ್ನು, ತೀರ ದೂರದಲ್ಲಿರುವುದನ್ನು, ಭಯಂಕರವಾದುದನ್ನು, ಅದ್ಭುತವಾದುದನ್ನು, ವಿಕಾರವಾದುದನ್ನು ನೋಡುವುದು ಮಿಥ್ಯಾಯೋಗ. ಸಿಡಿಲು, ನಗಾರಿ, ಕಿರುಚಾಟಗಳನ್ನು ಮಿತಿಮೀರಿ ಕೇಳುವುದು ಕಿವಿಯ ಅತಿಯೋಗ. ಚರಕಾಚಾರ್ಯರ ಕಾಲದಲ್ಲಿ ವಿಡಿಯೋ ಆಟ ಇರಲಿಲ್ಲ, ನಿಜ. ಆದರೆ ಕಣ್ಣಿನಿಂದ ನಾಲ್ಕು ಬೆರಳು ದೂರದಲ್ಲಿ ಹೊಳೆಯುವ ಪರದೆ, ಅದರೊಳಗೆ ಮೈಮೇಲೆ ಎರಗುವ ರಾಕ್ಷಸ, ಕಿವಿಯಲ್ಲಿ ಗುಂಡಿನ ಸದ್ದು, ಇವೆಲ್ಲ ಒಂದೇ ಆಟದಲ್ಲಿ ಕೂಡಿರುವುದನ್ನು ಕಂಡಾಗ ನಮಗೆ ಆ ಪಟ್ಟಿ ನೆನಪಾಗದೆ ಇರದು. ಶಾಸ್ತ್ರದಲ್ಲಿ ಎಲ್ಲವೂ ಮೊದಲೇ ಇತ್ತು ಎಂದು ಬೀಗುವ ಅಭ್ಯಾಸ ನಮ್ಮದಲ್ಲ. ಪಟ್ಟಿ ಉಪಯುಕ್ತವಾಗಿದೆ ಎಂದಷ್ಟೇ ಹೇಳುತ್ತೇವೆ.

ಇಂಥ ಆಟದಿಂದ ಎದ್ದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ತಲೆಸುತ್ತು, ಬೆವರು, ವಾಕರಿಕೆ, ವಾಂತಿ. ನಮ್ಮವರು ಇದನ್ನು 'ಪಿತ್ತ ಕೆರಳಿತು' ಎನ್ನುತ್ತಾರೆ. ಕಾರಣ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ಕಿವಿಯ ಒಳಭಾಗದಲ್ಲಿದೆ. ಅಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಚಲಿಸಿ, 'ದೇಹ ತಿರುಗುತ್ತಿದೆ' ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಮುಂದಕ್ಕೆ ಹೋಗುವುದನ್ನೂ ಏರಿಳಿತವನ್ನೂ ತಿಳಿಸಲು ಸಣ್ಣ ಸುಣ್ಣದ ಹರಳುಗಳುಳ್ಳ ಬೇರೆ ಎರಡು ಚೀಲಗಳಿವೆ. ವಿ.ಆರ್. ಕನ್ನಡಕ ಧರಿಸಿದ ಹುಡುಗನ ಕಣ್ಣು 'ನಾನು ಕಣಿವೆಗೆ ಧುಮುಕುತ್ತಿದ್ದೇನೆ' ಎನ್ನುತ್ತದೆ. ಕಿವಿಯು 'ಇಲ್ಲ, ಕುರ್ಚಿಯ ಮೇಲೆ ಕುಳಿತಿದ್ದೇನೆ' ಎನ್ನುತ್ತದೆ. ಈ ಎರಡು ಸಾಕ್ಷಿಗಳ ವಿರೋಧವೇ ವಾಕರಿಕೆಗೆ ಕಾರಣವೆಂದು ಇಂದಿನ ವೈದ್ಯರು ಬಹುಮಟ್ಟಿಗೆ ಒಪ್ಪಿದ್ದಾರೆ. ಬಸ್ಸಿನಲ್ಲಿ ಪುಸ್ತಕ ಓದಿದರೆ ಆಗುವುದೂ ಇದೇ, ಆದರೆ ತಿರುವುಮುರುವು: ಅಲ್ಲಿ ದೇಹ ಚಲಿಸುತ್ತದೆ, ಕಣ್ಣು ಸ್ಥಿರವಾಗಿರುತ್ತದೆ. ಎರಡು ವರ್ಷದೊಳಗಿನ ಕೂಸುಗಳಲ್ಲಿ ಈ ತೊಂದರೆ ಅಪರೂಪ. ಶಾಲೆಗೆ ಹೋಗುವ ವಯಸ್ಸಿನಲ್ಲಿ, ಒಂಬತ್ತು ಹತ್ತು ವರ್ಷದ ಸುಮಾರಿಗೆ, ಅತಿ ಹೆಚ್ಚು. ಶಕ್ತಿನಗರ ದಾಟುವುದರೊಳಗೆ ಬಸ್ಸಿನಲ್ಲಿ ವಾಂತಿ ಮಾಡುವ ಮಗು ಆ ಕುರ್ಚಿಯಲ್ಲಿಯೂ ವಾಂತಿ ಮಾಡುವ ಸಂಭವ ಹೆಚ್ಚೆಂದು ತಿಳಿಯಿರಿ.

ಇದಕ್ಕೆ ಚಿಕಿತ್ಸೆ ಸರಳ. ಆಟ ನಿಲ್ಲಿಸಿ ಹೊರಗೆ ಕರೆತಂದು, ದೂರದ ಮರವನ್ನೋ ಗೋಪುರವನ್ನೋ ನೋಡಲು ಹೇಳಬೇಕು. ಸಣ್ಣ ಚೂರು ಹಸಿಶುಂಠಿಯನ್ನು ಅಗಿಯಲು ಕೊಡಬಹುದು. ಆಟಕ್ಕೆ ಅರ್ಧ ಗಂಟೆ ಮೊದಲೇ ಕೊಟ್ಟರೆ ಇನ್ನೂ ಒಳ್ಳೆಯದು. ಖಾಲಿ ಹೊಟ್ಟೆ ಸಲ್ಲದು, ಮಿರ್ಚಿ-ಮಂಡಕ್ಕಿ ತಿಂದು ತುಂಬಿದ ಹೊಟ್ಟೆಯೂ ಸಲ್ಲದು. ತಂದೆಯಂದಿರಿಗೂ ಒಂದು ಮಾತು: ಮಕ್ಕಳ ಜೊತೆ ತಾವೂ ವಿ.ಆರ್. ಕನ್ನಡಕ ಧರಿಸಿ, ಕೂಡಲೇ ವಾಹನ ನಡೆಸಬಾರದು. ಕಣ್ಣು-ಕೈಗಳ ಹೊಂದಾಣಿಕೆ ಮರಳಲು ಕೆಲವರಿಗೆ ಹೆಚ್ಚು ಸಮಯ ಬೇಕಾಗುತ್ತದೆ.

ಇನ್ನು ನಮ್ಮ ಒಂದು ತಪ್ಪನ್ನು ಹೇಳಬೇಕಾಗಿದೆ. ಈ ಲೇಖನ ಬರೆಯಲು ಅದೇ ಕಾರಣ.

ಕೆಲವು ವರ್ಷಗಳ ಹಿಂದೆ ದೇವದುರ್ಗ ತಾಲೂಕಿನ ಒಬ್ಬ ರೈತರು ಹದಿನಾಲ್ಕು ವರ್ಷದ ಮಗನನ್ನು ನಮ್ಮಲ್ಲಿಗೆ ಕರೆತಂದರು. "ಸಾಹೇಬ್ರ, ಹುಡುಗನ ಕೈಯಾಗ ಬಲಾನೇ ಇಲ್ರಿ. ಮುಂಜಾನೆ ಚಾ ಕಪ್ಪು ಕೈಬಿಟ್ಟು ಬೀಳ್ತದ. ಅವರವ್ವ ಬೈತಾಳ್ರಿ" ಎಂದರು. ನಾಡಿ ನೋಡಿದೆವು, ನಾಲಿಗೆ ನೋಡಿದೆವು. ಬೆಳೆಯುವ ವಯಸ್ಸು, ನಿದ್ರೆ ಕಡಿಮೆ, ವಾತಪ್ರಕೋಪ ಎಂದು ತೀರ್ಮಾನಿಸಿ ಅಶ್ವಗಂಧ ಚೂರ್ಣವನ್ನೂ ಅಭ್ಯಂಗಕ್ಕೆ ತೈಲವನ್ನೂ ಕೊಟ್ಟು ಕಳುಹಿಸಿದೆವು. 'ಕಪ್ಪು ಬೀಳುವುದು ಮುಂಜಾನೆ ಮಾತ್ರವೇ? ಬೀಳುವ ಮೊದಲು ಕೈ ಒಮ್ಮೆಲೇ ಜಿಗಿಯುತ್ತದೆಯೇ?' ಎಂಬ ಎರಡು ಪ್ರಶ್ನೆಗಳನ್ನು ನಾವು ಕೇಳಲಿಲ್ಲ.

ಎರಡು ತಿಂಗಳ ನಂತರ ಆ ಹುಡುಗ ಶಾಲೆಯ ಪ್ರವಾಸದಲ್ಲಿ ಹೈದರಾಬಾದಿಗೆ ಹೋದ. ರಾತ್ರಿ ಹೊರಟ ಬಸ್ಸು, ಹಾಡು, ಕುಣಿತ, ನಿದ್ರೆಯಿಲ್ಲ. ಮರುದಿನ ಮಧ್ಯಾಹ್ನ ಒಂದು ಆಟದ ಮನೆಯಲ್ಲಿ ಕಾರಿನ ಪಂದ್ಯದ ಯಂತ್ರದ ಮುಂದೆ ಕುಳಿತಿದ್ದವನು ಕಿರುಚಿ ಕೆಳಗೆ ಬಿದ್ದ. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಯಾರೋ ಕೀಲಿಕೈ ಗೊಂಚಲನ್ನು ಅಂಗೈಯಲ್ಲಿ ಇಟ್ಟರು, ಇನ್ನಾರೋ ಹಲ್ಲುಗಳ ನಡುವೆ ಚಮಚ ತುರುಕಿದರು. ಹುಡುಗ ಬದುಕಿ ಉಳಿದ, ಆದರೆ ಮುಂದಿನ ಒಂದು ಹಲ್ಲು ಮುರಿಯಿತು. ಊರಿಗೆ ಬಂದ ಮೇಲೆ 'ಕತ್ತಲ ಕೋಣೆಯಲ್ಲಿ ಏನೋ ಹೊಕ್ಕಿದೆ' ಎಂದು ಅಜ್ಜಿ ತಾಯತ ಕಟ್ಟಿಸಿದ್ದರು. ತಂದೆ ಮತ್ತೆ ನಮ್ಮ ಬಳಿಗೆ ಬಂದಾಗ ಬೀಳುತ್ತಿದ್ದ ಚಹಾ ಕಪ್ಪಿನ ಅರ್ಥ ನಮಗೆ ಹೊಳೆಯಿತು. ಹದಿಹರೆಯದಲ್ಲಿ ಆರಂಭವಾಗುವ ಅಪಸ್ಮಾರದ ಒಂದು ಬಗೆಯಲ್ಲಿ ಮುಂಜಾನೆ ಎದ್ದ ಸ್ವಲ್ಪ ಹೊತ್ತಿನಲ್ಲಿ ಕೈಗಳು ಒಮ್ಮೊಮ್ಮೆ ಜಿಗಿದು ಹಿಡಿದ ವಸ್ತು ಹಾರಿಬೀಳುತ್ತದೆ. ನಿದ್ರೆಗೇಡು ಅದನ್ನು ಕೆರಳಿಸುತ್ತದೆ. ಅಂಥವರಲ್ಲಿ ಹಲವರಿಗೆ ಮಿನುಗುವ ಬೆಳಕೂ ಆಗದು. ಹುಡುಗನನ್ನು ನರರೋಗ ತಜ್ಞರಲ್ಲಿಗೆ ಕಳುಹಿಸಿದೆವು. ಇಇಜಿ ಪರೀಕ್ಷೆಯಲ್ಲಿ ಕಣ್ಣ ಮುಂದೆ ದೀಪ ಮಿನುಗಿಸಿದಾಗ ಮಿದುಳಿನ ಅಲೆಗಳು ಕದಡಿದವು. ರೋಗ ನಿಶ್ಚಯವಾಯಿತು.

ಮಿನುಗು ಬೆಳಕು ಈ ಕೆಲಸವನ್ನು ಹೇಗೆ ಮಾಡುತ್ತದೆ? ಕಣ್ಣಿನಿಂದ ಬಂದ ಸುದ್ದಿ ಮಿದುಳಿನ ಹಿಂಭಾಗಕ್ಕೆ ತಲುಪುತ್ತದೆ. ಅಲ್ಲಿನ ನರಕೋಶಗಳು ಸಾಮಾನ್ಯವಾಗಿ ಸರದಿಯಂತೆ ಕೆಲಸ ಮಾಡುತ್ತವೆ. ಬೆಳಕು ಸೆಕೆಂಡಿಗೆ 3ರಿಂದ 30 ಬಾರಿ, ವಿಶೇಷವಾಗಿ 15ರಿಂದ 25 ಬಾರಿ ಮಿನುಗಿದರೆ, ಕೆಲವರ ಮಿದುಳಿನಲ್ಲಿ ಲಕ್ಷಾಂತರ ಕೋಶಗಳು ಆ ತಾಳಕ್ಕೆ ಒಟ್ಟಿಗೆ ಹೆಜ್ಜೆ ಹಾಕತೊಡಗುತ್ತವೆ. ಆ ಒಕ್ಕೊರಲೇ ಮೂರ್ಛೆಯಾಗಿ ಹರಡುತ್ತದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್' ಎಂಬ ಮಕ್ಕಳ ಧಾರಾವಾಹಿಯ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದಾಗ ಒಂದೇ ಸಂಜೆ 600ಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗಳಿಗೆ ಒಯ್ಯಬೇಕಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅವರಲ್ಲಿ ಅನೇಕರಿಗೆ ಅದಕ್ಕೆ ಮೊದಲು ಎಂದೂ ಮೂರ್ಛೆ ಬಂದಿರಲಿಲ್ಲ. ಹಾಗೆಂದು ಎಲ್ಲ ಮಕ್ಕಳ ವಿಷಯದಲ್ಲಿ ಹೆದರಬೇಕಾಗಿಲ್ಲ. ಸುಮಾರು 4000 ಜನರಲ್ಲಿ ಒಬ್ಬರಿಗೆ ಈ ಸ್ವಭಾವವಿರುತ್ತದೆ ಎಂಬುದು ಅಂದಾಜು. ಅಪಸ್ಮಾರವಿದ್ದವರಲ್ಲಿಯೂ ನೂರಕ್ಕೆ ಮೂವರಿಗೆ ಮಾತ್ರ. ಆದರೆ ಅದು ತಲೆಯೆತ್ತುವುದು ಬಹುಮಟ್ಟಿಗೆ ಏಳರಿಂದ ಹತ್ತೊಂಬತ್ತರ ವಯಸ್ಸಿನಲ್ಲಿ, ಅಂದರೆ ಈ ಆಟಗಳ ಮುಂದೆ ಕೂರುವ ವಯಸ್ಸಿನಲ್ಲಿಯೇ.

ಆದ್ದರಿಂದ ಸದ್ಭಕ್ತರು ಇದನ್ನು ನೆನಪಿಡಬೇಕು. ಮನೆಯಲ್ಲಿ ಯಾರಿಗಾದರೂ ಮೂರ್ಛೆರೋಗವಿದ್ದರೆ, ಮಗು ಮುಂಜಾನೆ ಹಿಡಿದುದನ್ನು ಬೀಳಿಸುತ್ತಿದ್ದರೆ, ಮಾತಿನ ನಡುವೆ ಕೆಲವು ಕ್ಷಣ ಶೂನ್ಯದಲ್ಲಿ ದಿಟ್ಟಿಸಿ ನಿಲ್ಲುತ್ತಿದ್ದರೆ, ಪ್ರವಾಸಕ್ಕೆ ಮೊದಲು ವೈದ್ಯರಿಗೆ ತೋರಿಸಿರಿ. ಆಟದ ನಡುವೆ ಕಣ್ಣು ಕುಕ್ಕಿದಂತಾದರೆ ಕೂಡಲೇ ಒಂದು ಕಣ್ಣನ್ನು ಅಂಗೈಯಿಂದ ಪೂರ್ಣವಾಗಿ ಮುಚ್ಚಿಕೊಂಡು ಮುಖ ತಿರುಗಿಸಲು ಮಕ್ಕಳಿಗೆ ಕಲಿಸಿರಿ. ಎರಡೂ ಕಣ್ಣುಗಳನ್ನು ಸುಮ್ಮನೆ ಮುಚ್ಚಿದರೆ ಸಾಲದು. ರೆಪ್ಪೆಯ ಮೂಲಕ ಕೆಂಪಾಗಿ ಬೆಳಕು ಒಳಗೆ ಬರುತ್ತಲೇ ಇರುತ್ತದೆ. ಮೂರ್ಛೆ ಬಂದರೆ ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಸೆಳವು ನಿಂತೊಡನೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಬಾಯಿಗೆ ಏನನ್ನೂ, ನೀರನ್ನೂ, ಹಾಕಬಾರದು. ಕಬ್ಬಿಣ, ಕೀಲಿಕೈ, ಚಪ್ಪಲಿ, ಉಳ್ಳಾಗಡ್ಡಿ ಇವು ಯಾವುವೂ ಮೂರ್ಛೆಯನ್ನು ನಿಲ್ಲಿಸುವುದಿಲ್ಲ. ಅದು ಬಹುತೇಕ ಎರಡು ಮೂರು ನಿಮಿಷಗಳಲ್ಲಿ ತಾನೇ ನಿಲ್ಲುತ್ತದೆ, ಕೀರ್ತಿ ಮಾತ್ರ ಕೀಲಿಕೈಗೆ ಹೋಗುತ್ತದೆ. ಗಡಿಯಾರ ನೋಡಿರಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆಯುರ್ವೇದದಲ್ಲಿ ಅಪಸ್ಮಾರಕ್ಕೆ ಬ್ರಾಹ್ಮಿ, ಶಂಖಪುಷ್ಪಿ, ಹಳೆಯ ತುಪ್ಪದ ಪ್ರಯೋಗಗಳಿವೆ, ನಾವೂ ಅವನ್ನು ಬಲ್ಲೆವು. ಆದರೂ ನರರೋಗ ತಜ್ಞರು ಕೊಟ್ಟ ಮಾತ್ರೆಗಳನ್ನು ನಮ್ಮ ಔಷಧಿಗಾಗಿ ಯಾರೂ ನಿಲ್ಲಿಸಬಾರದೆಂದು ಸ್ಪಷ್ಟವಾಗಿ ಹೇಳುತ್ತೇವೆ. ಒಮ್ಮೆಲೇ ನಿಲ್ಲಿಸಿದರೆ ಒಂದರ ಮೇಲೊಂದು ಮೂರ್ಛೆ ಬಂದು ಪ್ರಾಣಕ್ಕೆ ಎರವಾದೀತು.

ಕಿವಿಯ ವಿಷಯ ಚಿಕ್ಕದು. ಒಂದು ತೋಳಿನ ದೂರದಲ್ಲಿರುವವರಿಗೆ ಕೇಳಿಸಲು ಕೂಗಬೇಕಾದಷ್ಟು ಸದ್ದಿದ್ದರೆ ಅಲ್ಲಿ ಬಹಳ ಹೊತ್ತು ಇರಬಾರದು. ಹೊರಬಂದ ಮೇಲೆ ಕಿವಿ ಗುಂಯ್ ಎಂದರೆ ಮಿತಿ ಮೀರಿತೆಂದೇ ಅರ್ಥ. ವಿ.ಆರ್. ಕನ್ನಡಕ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಬೆವರಿನ ಸಮೇತ ಹೋಗುತ್ತದೆ. ಕಣ್ಣು ಬೇನೆಯ ಕಾಲದಲ್ಲಿ ಅದನ್ನು ಮುಟ್ಟದಿರುವುದು ಲೇಸು, ಉಳಿದ ಕಾಲದಲ್ಲಿ ಒರೆಸಿ ಕೊಡಲು ಕೇಳಲು ಸಂಕೋಚ ಬೇಡ. ಅರೆತಲೆನೋವು ಉಳ್ಳವರು, ಗರ್ಭಿಣಿಯರು ಅಲುಗಾಡುವ ಕುರ್ಚಿಗಳಿಂದ ದೂರವಿರಲಿ.

ಹಣದ ವಿಷಯವನ್ನು ವೈದ್ಯರು ಏಕೆ ಮಾತಾಡಬೇಕೆಂದು ಕೆಲವರು ಕೇಳಬಹುದು. ಗಾಜಿನ ಪೆಟ್ಟಿಗೆಯಲ್ಲಿ ಉಕ್ಕಿನ ಉಗುರುಗಳಿಂದ ಗೊಂಬೆ ಎತ್ತುವ ಯಂತ್ರವನ್ನು ನೋಡಿರಿ. ಇಂಥ ಅನೇಕ ಯಂತ್ರಗಳಲ್ಲಿ ಹಿಡಿತದ ಬಿಗಿಯನ್ನು ಮಾಲೀಕರೇ ಹೆಚ್ಚು ಕಡಿಮೆ ಮಾಡಬಹುದು. ಗೊಂಬೆ ಅಂಚಿನವರೆಗೆ ಬಂದು ಜಾರುತ್ತದೆ. ಮಗು 'ಇನ್ನೊಂದೇ ಸಲ' ಎನ್ನುತ್ತದೆ. ಯಾವಾಗ ಸಿಗುವುದೋ ಗೊತ್ತಿಲ್ಲದ ಬಹುಮಾನವೇ ಮನಸ್ಸನ್ನು ಅತಿ ಬಿಗಿಯಾಗಿ ಕಟ್ಟುತ್ತದೆ. ಓಸಿ ಬರೆಸುವವರನ್ನು ಕಂಡ ನಮ್ಮ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಆಟದ ಚಟವನ್ನು ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದ್ದು, ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ವರ್ಷಕ್ಕೊಮ್ಮೆ ಉದ್ಯಾನಕ್ಕೆ ಹೋಗಿ ಆಡಿದರೆ ಚಟವಾಗದು. ಮರಳಿ ಬಂದ ಮೇಲೆ ಅದೇ ಆಟ ಕಿಸೆಯ ಮೊಬೈಲಿನಲ್ಲಿ ಮುಂದುವರಿದು, ಊಟ, ನಿದ್ರೆ, ಶಾಲೆ ಹಿಂದೆ ಬಿದ್ದರೆ ಆಗ ಚಿಂತಿಸಬೇಕು.

ಇನ್ನೊಂದು. 2024ರ ಮೇ 25ರಂದು ಗುಜರಾತಿನ ರಾಜಕೋಟದ ಆಟದ ಕೇಂದ್ರವೊಂದರಲ್ಲಿ ಬೆಂಕಿ ಹತ್ತಿ 25ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅದೂ ಬೇಸಿಗೆ ರಜೆಯ ದಿನವೇ. ಕತ್ತಲೆಯ ಯಾವುದೇ ಸಭಾಂಗಣಕ್ಕೆ ಹೋದರೂ, ಜಾತ್ರೆಯ ಡೇರೆಯಾದರೂ ಸರಿ, ಮೊದಲು ಹೊರಬರುವ ಎರಡನೆಯ ಬಾಗಿಲು ಎಲ್ಲಿದೆ ಎಂದು ನೋಡಿರಿ. ಇಲ್ಲದಿದ್ದರೆ ಟಿಕೇಟು ಕೊಳ್ಳಬೇಡಿರಿ.

ಶಿಕ್ಷಕರಲ್ಲಿ ಒಂದು ವಿನಂತಿ: ಪ್ರವಾಸದ ಬಸ್ಸು ರಾತ್ರಿ ಹೊರಡುವುದರ ಬದಲು ಬೆಳಗಿನ ಜಾವ ಹೊರಡಲಿ. ಒಂದು ರಾತ್ರಿಯ ನಿದ್ರೆ ಉಳಿದರೆ ಮೇಲೆ ಹೇಳಿದ ಅರ್ಧ ತೊಂದರೆಗಳು ತಪ್ಪುತ್ತವೆ. ಯಾವ ಮಗುವಿಗೆ ಯಾವ ಮಾತ್ರೆ ನಡೆಯುತ್ತಿದೆ ಎಂಬ ಚೀಟಿ ಶಿಕ್ಷಕರ ಕಿಸೆಯಲ್ಲಿರಲಿ.

ದೇವದುರ್ಗದ ಆ ಹುಡುಗ ಈಗ ರಾಯಚೂರಿನಲ್ಲಿ ಪದವಿ ಓದುತ್ತಿದ್ದಾನೆ. ಮಾತ್ರೆ ತಪ್ಪಿಸುವುದಿಲ್ಲ, ರಾತ್ರಿ ಹತ್ತಕ್ಕೆ ಮಲಗುತ್ತಾನೆ. ಮೂರ್ಛೆ ಮತ್ತೆ ಬಂದಿಲ್ಲ. ಕಳೆದ ತಿಂಗಳು ಬಂದು, ಗೆಳೆಯರೆಲ್ಲ ಹೈದರಾಬಾದಿಗೆ ಹೊರಟಿದ್ದಾರೆ, ತಾನೂ ಹೋಗಬಹುದೇ ಎಂದು ಕೇಳಿದ. ತಜ್ಞರನ್ನು ಒಮ್ಮೆ ಕೇಳಿಕೊಂಡು ಹೋಗು, ಕತ್ತಲೆಯ ಆಟದ ಮನೆಗೆ ಕಾಲಿಡಬೇಡ, ನೀರಿಗೆ ಒಬ್ಬನೇ ಇಳಿಯಬೇಡ, ಜೊತೆಯವರಲ್ಲಿ ಇಬ್ಬರಿಗಾದರೂ ನಿನ್ನ ವಿಷಯ ಹೇಳಿರು ಎಂದೆವು. "ಹೇಳೀನ್ರಿ, ಬಾಯಾಗ ಚಮಚ ಹಾಕಬ್ಯಾಡ್ರಿ ಅಂತನೂ ಹೇಳೀನಿ" ಎಂದು ಕಟ್ಟಿಸಿಕೊಂಡ ಹಲ್ಲು ತೋರಿಸಿ ನಕ್ಕ.