ಸಾಕೆಟ್ ಒಂದೇ, ಭಾಷೆ ಬೇರೆ: ಸ್ಟುಡಿಯೋ ಕಟ್ಟುವ ಯುವಕರು ಗಮನಿಸಿ

ಮುಂಬಯಿ: ಉಪನಗರದ ಪುಟ್ಟ ಫ್ಲ್ಯಾಟಿನ ಒಂದು ಕೋಣೆಯನ್ನೇ ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಳ್ಳುವ ಉತ್ಸಾಹಿ ತುಳು-ಕನ್ನಡಿಗ ಯುವಕರು ನಮ್ಮಲ್ಲಿದ್ದಾರೆ. ಹಗಲು ನೌಕರಿ, ರಾತ್ರಿ ರೆಕಾರ್ಡಿಂಗ್. ಭಜನಾ ಮಂಡಳಿಯ ಹಾಡು, ತುಳು ನಾಟಕದ ಹಿನ್ನೆಲೆ ಸಂಗೀತ, ಯಕ್ಷಗಾನದ ಪದ ಎಂದು ಕೆಲಸವೂ ಉಂಟು. ಆದರೆ ವರ್ಷಗಟ್ಟಲೆ ಕೂಡಿಟ್ಟ ಹಣ ಸುರಿದು ತಂದ ಮಿಕ್ಸರಿನ ಧ್ವನಿ ಕಂಪ್ಯೂಟರಿಗೆ ತಲುಪದೇ ಹೋದರೆ? ಲ್ಯಾನ್ ಕೇಬಲಿನಲ್ಲಿ ಧ್ವನಿ ಸಾಗಿಸುವ ‘ನೆಟ್‌ವರ್ಕ್ ಆಡಿಯೋ’ ವ್ಯವಸ್ಥೆಯಲ್ಲಿ ಹೊಸಬರು ಎಡವುವುದು ಇಲ್ಲೇ.

ಹಿಂದೆ ಮೈಕಿಗೊಂದು ವೈರ್ ಎಳೆಯಬೇಕಿತ್ತು. ಈಗ 100 ಮೀಟರ್‌ವರೆಗಿನ ಒಂದೇ ಕೇಬಲಿನಲ್ಲಿ ಹತ್ತಾರು ಮೈಕುಗಳ ಧ್ವನಿ ಹರಿಯುತ್ತದೆ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಚಾನೆಲಿಗೆ ಸೆಕೆಂಡಿಗೆ ಸುಮಾರು 1.15 ಮೆಗಾಬಿಟ್, ಗಿಗಾಬಿಟ್ ಸ್ವಿಚ್‌ಗೆ ಇದೇನೂ ಭಾರವಲ್ಲ.

ತೊಡಕಿರುವುದು ಭಾಷೆಯಲ್ಲಿ. ಯಮಾಹಾದ ಸಿಎಲ್ ಮಿಕ್ಸರ್, ಫೋಕಸ್‌ರೈಟ್‌ನ ರೆಡ್‌ನೆಟ್ ಮಾತನಾಡುವುದು ಆಸ್ಟ್ರೇಲಿಯಾದ ಆಡಿನೇಟ್ ಕಂಪೆನಿಯ ‘ಡಾಂಟೆ’. ಪ್ರಿಸೋನಸ್ ಸ್ಟುಡಿಯೋಲೈವ್‌ನ ಮೂರನೇ ಸರಣಿಯದು ‘ಎವಿಬಿ’. ಅದಕ್ಕೆ ಎವಿಬಿ ಬಲ್ಲ ಸ್ವಿಚ್ಚೇ ಬೇಕು. ಬೆರಿಂಜರ್ ಎಕ್ಸ್32 ಮಿಕ್ಸರನ್ನಂತೂ ಹಿಂದೆ ತಿರುಗಿಸಿ ನೋಡಬೇಕು. ಎಇಎಸ್50 ಸಾಕೆಟ್ ಸ್ಟೇಜ್ ಬಾಕ್ಸ್‌ಗೆ, ಅಲ್ಟ್ರಾನೆಟ್ ಕಲಾವಿದರ ಮಾನಿಟರ್‌ಗೆ, ಈಥರ್‌ನೆಟ್ ಎಂಬುದು ಟ್ಯಾಬ್ಲೆಟ್‌ನಿಂದ ಮಿಕ್ಸರ್ ನಿಯಂತ್ರಿಸಲು ಮಾತ್ರ. ಲ್ಯಾನ್ ಕೇಬಲ್ ಎಲ್ಲದಕ್ಕೂ ಸಲೀಸಾಗಿ ಕೂರುತ್ತದೆ. ಆದರೆ ಮಾಮೂಲಿ ಸ್ವಿಚ್‌ಗೆ ಜೋಡಿಸಿದರೆ ಯಾವುದರಿಂದಲೂ ಕಂಪ್ಯೂಟರಿಗೆ ಧ್ವನಿ ಬಾರದು. ಡಾಂಟೆ ಬೇಕಾದರೆ ಕಾರ್ಡ್ ಬೇರೆ ಖರೀದಿಸಬೇಕು. ಅದರ ಬದಲು ಮಿಕ್ಸರಿನ ಯುಎಸ್‌ಬಿ ಕಾರ್ಡಿನಿಂದಲೇ 32 ಚಾನೆಲ್ ರೆಕಾರ್ಡ್ ಮಾಡಬಹುದು ಎಂಬುದನ್ನು ಮರೆಯುವವರೇ ಹೆಚ್ಚು!

ಭಿನ್ನ ಭಾಷೆಗಳ ನಡುವೆ ಸೇತುವೆಯಾಗಲೆಂದು 2013ರಲ್ಲಿ ಎಇಎಸ್67 ಎಂಬ ಮಾನದಂಡ ಬಂತು. ಡಾಂಟೆ ಯಂತ್ರಗಳಲ್ಲಿ ಅದನ್ನು ನಾವೇ ಚಾಲೂ ಮಾಡಬೇಕು. ಎಲ್ಲ ಯಂತ್ರಗಳಲ್ಲಿ ಅದು ಇರುವುದೂ ಇಲ್ಲ.

ಡಾಂಟೆಯನ್ನೇ ಆರಿಸಿದರೆ ಕಂಪ್ಯೂಟರಿಗೆ ‘ಡಾಂಟೆ ವರ್ಚುವಲ್ ಸೌಂಡ್‌ಕಾರ್ಡ್’ ಹಣ ಕೊಟ್ಟು ಪಡೆಯಬೇಕು. ಯಾವ ಧ್ವನಿ ಎಲ್ಲಿಗೆ ಹೋಗಬೇಕೆಂದು ಜೋಡಿಸುವ ‘ಡಾಂಟೆ ಕಂಟ್ರೋಲರ್’ ಉಚಿತ. ಎಲ್ಲ ಯಂತ್ರಗಳ ಸ್ಯಾಂಪಲ್ ರೇಟ್ ಒಂದೇ ಇರಬೇಕು, ಒಂದೇ ಗಡಿಯಾರವನ್ನು ಅನುಸರಿಸಬೇಕು. ವಿದ್ಯುತ್ ಉಳಿಸುವ ‘ಗ್ರೀನ್ ಈಥರ್‌ನೆಟ್’ ಸ್ವಿಚ್‌ನಲ್ಲಿದ್ದರೆ ಆರಿಸಿಡಿ, ಇಲ್ಲವಾದರೆ ಧ್ವನಿ ನಡುನಡುವೆ ಕಡಿಯಬಹುದು. ವೈ-ಫೈ ಮೇಲೆ ಈ ಕೆಲಸ ಬೇಡ.

ಇನ್ನೊಂದು ಮಾತು. ಈ ಸಾಫ್ಟ್‌ವೇರ್ ಸೌಂಡ್‌ಕಾರ್ಡ್ 4ರಿಂದ 10 ಮಿಲಿಸೆಕೆಂಡ್ ವಿಳಂಬ ಸೇರಿಸುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರಿನದು ಮತ್ತೆ ಬೇರೆ. ಭಾಗವತರ ಹೆಡ್‌ಫೋನಿಗೆ ಅವರದೇ ಸ್ವರ ತಡವಾಗಿ ಬಂದರೆ ಚೆಂಡೆ, ಮದ್ದಳೆಯೊಂದಿಗೆ ತಾಳ ಕೂಡುವುದು ಕಷ್ಟ. ಆದ್ದರಿಂದ ಹೆಡ್‌ಫೋನಿಗೆ ಧ್ವನಿಯನ್ನು ಮಿಕ್ಸರಿನಿಂದಲೇ ಕೊಡಿ.

ಒಬ್ಬ ಗಾಯಕ, ಒಂದು ಹಾರ್ಮೋನಿಯಂ ಎಂಬಷ್ಟಕ್ಕೆ ಇದೆಲ್ಲ ಬೇಕೇ? ಖಂಡಿತ ಬೇಡ. ಎರಡು ಚಾನೆಲಿನ ಯುಎಸ್‌ಬಿ ಇಂಟರ್‌ಫೇಸ್ ಧಾರಾಳ. ಹಿಮ್ಮೇಳ ಒಂದು ಕೋಣೆಯಲ್ಲಿ, ರೆಕಾರ್ಡಿಂಗ್ ಇನ್ನೊಂದರಲ್ಲಿ ಇದ್ದರೆ, ಅಥವಾ ಕುರ್ಲಾದ ಬಂಟರ ಭವನದಂಥ ದೊಡ್ಡ ಸಭಾಗೃಹದಲ್ಲಿ ವೇದಿಕೆಯಿಂದ ಹಿಂಬದಿಯ ಮೇಜಿಗೆ ಹತ್ತಾರು ಮೈಕುಗಳ ಧ್ವನಿ ತರಬೇಕಿದ್ದರೆ ನೆಟ್‌ವರ್ಕಿನ ಖರ್ಚು ಸಾರ್ಥಕ.

ಖರೀದಿಗೆ ಲ್ಯಾಮಿಂಗ್ಟನ್ ರೋಡಿಗೆ ಹೋಗಲಿ, ಬೇರೆಲ್ಲಿಗೇ ಹೋಗಲಿ, ಸ್ವಂತ ಲ್ಯಾಪ್‌ಟಾಪ್ ಜತೆಗಿರಲಿ. ಕಾರ್ಡಿನ ಹೆಸರನ್ನು ಬಿಲ್ಲಿನಲ್ಲಿ ಬರೆಸಿ, ಅಲ್ಲೇ ಮಿಕ್ಸರಿಗೆ ಜೋಡಿಸಿ, ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ, ಆಮೇಲೆ ಹಣ ಕೊಡಿ.