ಗುಂಡಿಗೆ ಸವರಿದ ಜಿಡ್ಡು
ನಳಿಗೆಯಲ್ಲಿ ಗುಂಡು ಸರಿಯಾಗಿ ಕೂರದಿದ್ದರೆ ಕೋವಿ ಹಿಡಿದವನಿಗೇ ಅಪಾಯ. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕದಲ್ಲಿ ಮದ್ದಿನ ಮಸಿ ಕಟ್ಟಿದೊಡನೆ ಗುಂಡು ನಡುವೆಯೇ ಸಿಕ್ಕಿಕೊಳ್ಳುವುದು. ಮದ್ದಿಗೂ ಗುಂಡಿಗೂ ಮಧ್ಯೆ ತೆರಪು ಉಳಿದರೆ ನಳಿಗೆ ಸಿಡಿಯುವ ಭಯ. ಅದಕ್ಕೆಂದೇ ಕಾಡತೂಸಿನ ಕಾಗದಕ್ಕೆ ಜಿಡ್ಡು ಸವರುತ್ತಿದ್ದರು.

ಜಿಡ್ಡು ದನದ್ದೋ ಹಂದಿಯದೋ ಎಂಬ ಶಂಕೆ ಸಿಪಾಯಿಗಳನ್ನು ಕೆರಳಿಸಿತು. ಹಲ್ಲಿನಿಂದ ಕಚ್ಚದೆ ಕೈಯಿಂದ ಹರಿಯಿರೆಂಬ ಅಪ್ಪಣೆಯೂ ಅದನ್ನು ನೀಗಲಿಲ್ಲ. ದಿಗ್ಗೇವಾಡಿಯ ಒಂದು ದಿಕ್ಕಿಗೆ ಕೊಲ್ಹಾಪುರ. 1857ರ ಜುಲೈ 31ರಂದು ಅಲ್ಲಿಯ 27ನೆಯ ದೇಶೀ ಪದಾತಿದಳ ದಂಗೆಯೆದ್ದಿತು. ಇನ್ನೊಂದು ದಿಕ್ಕಿಗೆ ಮುಧೋಳ ಸೀಮೆಯ ಹಲಗಲಿ. ಆಯುಧ ಒಪ್ಪಿಸಿರೆಂದಾಗ ಅಲ್ಲಿಯ ಬೇಡರು ಒಪ್ಪಲಿಲ್ಲ. ಅವರಲ್ಲಿ ಅನೇಕರು ಆ ಡಿಸೆಂಬರಿನಲ್ಲಿ ನೇಣುಗಂಬವೇರಿದರು.

ಕೋವಿಯ ದೋಷಕ್ಕೆ ಪರಿಹಾರ ದೊರೆತಿತ್ತು. ಕೆಟ್ಟ ನಂಬಿಕೆಗೆ ದೊರೆಯಲಿಲ್ಲ.